ಕಬ್ಬು ಕಡಿಯುವ ಮುನ್ನ ಎರಡು ಹನಿ ರಸ: ರಿಫ್ರ್ಯಾಕ್ಟೋಮೀಟರ್ ನೋಡುವುದು ಹೇಗೆ?

ಸೋಗೆ ಹಳದಿಗೆ ತಿರುಗುವುದು, ಜಲ್ಲೆಗೆ ತಟ್ಟಿದರೆ ಲೋಹದಂತೆ ಸದ್ದು ಬರುವುದು, ಬಗ್ಗಿಸಿದರೆ ಗಿಣ್ಣಿನಲ್ಲಿ ಪಟ್ಟೆಂದು ಮುರಿಯುವುದು: ಕಬ್ಬು ಬಲಿತ ಈ ಗುರುತುಗಳನ್ನು ಮಂಡ್ಯದ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಬುಡದ ಸಿಹಿ ತುದಿಯವರೆಗೂ ಏರಿದೆಯೇ ಎಂಬುದು ಕಣ್ಣಿಗೆ ಕಾಣದು. ಅದನ್ನು ತಿಳಿಯಲು ಬ್ಯಾಟರಿ ಬೇಡದ ಕೈ ರಿಫ್ರ್ಯಾಕ್ಟೋಮೀಟರ್ ಸಾಕು. ಕೊಳ್ಳುವಾಗ 0ರಿಂದ 32 ಬ್ರಿಕ್ಸ್ (ದ್ರವದಲ್ಲಿ ಕರಗಿದ್ದರ ಅಳತೆ) ತೋರಿಸುವುದನ್ನೇ ಕೇಳಿ. ಜೇನುತುಪ್ಪಕ್ಕೆಂದು ಮಾಡಿದ್ದು 58ರಿಂದ ಶುರುವಾಗುತ್ತದೆ, ಕಬ್ಬಿನ ರಸ ಅದರಲ್ಲಿ ಕಾಣುವುದೇ ಇಲ್ಲ.

ಹೆಸರಿಗೆ ಸಕ್ಕರೆ ಅಳೆಯುವ ಸಾಧನವಾದರೂ ಇದಕ್ಕೆ ಸಕ್ಕರೆಯ ಗುರುತೇ ಇಲ್ಲ. ಅದು ನೋಡುವುದು ಬೆಳಕು ಎಷ್ಟು ಬಾಗುತ್ತದೆ ಎಂಬುದನ್ನಷ್ಟೇ. ದ್ರವದಲ್ಲಿ ಕರಗಿದ್ದು ಹೆಚ್ಚಾದಷ್ಟೂ ಬೆಳಕಿನ ವೇಗ ತಗ್ಗುತ್ತದೆ, ಬೆಳಕು ಬಾಗುವುದರ ಅಳತೆಯಾದ ವಕ್ರೀಭವನ ಸೂಚ್ಯಂಕ ಏರುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬರಿ ನೀರಿನದು 1.3330, ನೂರು ಗ್ರಾಂ ದ್ರಾವಣದಲ್ಲಿ 20 ಗ್ರಾಂ ಸಕ್ಕರೆ ಇದ್ದರೆ 1.3639. ಈ ಎರಡನೆಯದಕ್ಕೇ 20 ಬ್ರಿಕ್ಸ್ ಎನ್ನುವುದು. ರಸದ ತೆಳು ಪದರ ದಾಟಿ ಗಾಜಿನ ಪ್ರಿಸಂ ಹೊಕ್ಕ ಬೆಳಕು ಒಂದು ಕೋನದ ಆಚೆಗೆ ಹೋಗಲಾರದು. ಅಲ್ಲಿಂದಾಚೆ ಕತ್ತಲೆ. ಒಳಗೆ ಇಣುಕಿದಾಗ ಕೆಳಗೆ ಬಿಳಿ, ಮೇಲೆ ನೀಲಿ ಕಾಣುವುದು ಇದರಿಂದಲೇ. ಸಿಹಿ ಹೆಚ್ಚಿದಂತೆ ಇವುಗಳ ನಡುವಿನ ಗೆರೆ ಮೇಲೇರುತ್ತದೆ.

ಮೊದಲು ಶೂನ್ಯ ಹೊಂದಿಸಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರನ್ನು ಎರಡು ಹನಿ ಪ್ರಿಸಂ ಮೇಲೆ ಬಿಟ್ಟು, ಮುಚ್ಚಳ ಇಳಿಸಿ, ಅರ್ಧ ನಿಮಿಷ ಕಾದು ಬೆಳಕಿನತ್ತ ಹಿಡಿದು ನೋಡಿ. ನೇರ ಸೂರ್ಯನತ್ತ ಮಾತ್ರ ಬೇಡ, ಕಣ್ಣಿಗೆ ಅಪಾಯ. ಗೆರೆ 0 ಮೇಲೆ ಕೂರದಿದ್ದರೆ ಪುಟ್ಟ ಸ್ಕ್ರೂ ತಿರುಗಿಸಿ ಕೂರಿಸಿ. ಬೋರ್‌ವೆಲ್ ನೀರಿನ ಲವಣವೂ ಬೆಳಕನ್ನು ಬಾಗಿಸುತ್ತದೆ. ಲೀಟರಿಗೆ ಒಂದು ಗ್ರಾಂ ಇದ್ದರೆ ಸುಮಾರು 0.1 ಬ್ರಿಕ್ಸ್ ತಪ್ಪು. ದೊಡ್ಡದಲ್ಲ, ಆದರೂ ತಪ್ಪಿಸಬಹುದಾದ ತಪ್ಪು. ತಾಪಮಾನದ್ದು ಇದಕ್ಕಿಂತ ದೊಡ್ಡದು: 20 ಡಿಗ್ರಿಗೆ ಹೊಂದಿಸಿದ ಸಾಧನ 30 ಡಿಗ್ರಿಯಲ್ಲಿ ಸುಮಾರು 0.8ರಷ್ಟು ಕಡಿಮೆ ತೋರಿಸುತ್ತದೆ. ತಾಪಮಾನವನ್ನು ತಾನೇ ಸರಿದೂಗಿಸುವ ಮಾದರಿ ಇಲ್ಲದಿದ್ದರೆ ಗದ್ದೆಯಲ್ಲೇ, ಅಳೆಯುವ ಹೊತ್ತಿಗೇ ಶೂನ್ಯ ಹೊಂದಿಸಿಕೊಳ್ಳಿ, ಬಹುಪಾಲು ತಪ್ಪು ಅಲ್ಲೇ ಕಳೆಯುತ್ತದೆ.

ಎಡವುವುದು ಹೆಚ್ಚಾಗಿ ಅಳೆಯುವ ಜಲ್ಲೆ ಆರಿಸುವಲ್ಲಿ. ಬದುವಿನ ಅಂಚಿನ ಕಬ್ಬಿಗೆ ಬಿಸಿಲು ಹೆಚ್ಚು. ಅದೊಂದನ್ನೇ ನೋಡಿ ಇಡೀ ಗದ್ದೆ ಬಲಿತಿದೆ ಎಂದುಕೊಳ್ಳಬೇಡಿ. ಒಳಗೆ ನಡೆದು, ಬೇರೆ ಬೇರೆ ಸಾಲುಗಳಲ್ಲಿ ಹತ್ತು ಜಲ್ಲೆ ಆರಿಸಿ. ಮಳೆಯಾದ ಅಥವಾ ನೀರು ಹಾಯಿಸಿದ ಮರುದಿನ ಅಳೆದರೆ ರಸ ತೆಳುವಾಗಿರುತ್ತದೆ. ಪ್ರತಿ ಜಲ್ಲೆಯಲ್ಲೂ ಬುಡದಿಂದ ಮೂರನೆಯ ಗಿಣ್ಣಿನ ಮೇಲೊಮ್ಮೆ, ಸೋಗೆಯ ಕೆಳಗಿನ ಬಲಿತ ಭಾಗದಲ್ಲೊಮ್ಮೆ ಚುಚ್ಚಿ ರಸ ತೆಗೆಯಿರಿ. ಚುಚ್ಚುವ ಸೂಜಿ ಇಲ್ಲವೇ? ತುಂಡು ಕತ್ತರಿಸಿ ಇಕ್ಕಳದಲ್ಲಿ ಹಿಂಡಿದರೂ ಆದೀತು. ಹಿಪ್ಪೆಯ ಚೂರಿದ್ದರೆ ಬಟ್ಟೆಯಲ್ಲಿ ಸೋಸಿ. ಚೂರು ಅಥವಾ ಗಾಳಿಗುಳ್ಳೆ ಸಿಕ್ಕಿಕೊಂಡರೆ ಗೆರೆ ಮಸುಕಾಗುತ್ತದೆ. ಕಣ್ಣಿಡುವ ಕಡೆಯ ಬಳೆ ಎಷ್ಟು ತಿರುಗಿಸಿದರೂ ಆಗ ಸರಿಹೋಗದು.

ತುದಿಯ ಸರಾಸರಿಯನ್ನು ಬುಡದ ಸರಾಸರಿಯಿಂದ ಭಾಗಿಸಿ. ಬುಡ 20, ತುದಿ 14 ಬಂದರೆ 0.7: ಇನ್ನೂ ಎಳೆಯದು, ಎರಡು ವಾರ ಬಿಟ್ಟು ಮತ್ತೆ ನೋಡಿ. ಬ್ರಿಕ್ಸ್ 18 ದಾಟಿ, ಅನುಪಾತ 1ರ ಹತ್ತಿರ ಬಂದಾಗ ಕಟಾವಿಗೆ ಹದ. ಬುಡಕ್ಕಿಂತ ತುದಿಯೇ ಹೆಚ್ಚು ತೋರಿಸಿದರೆ ಕಬ್ಬು ಹದ ಮೀರಿದೆ, ಆ ಗದ್ದೆಗೆ ಮೊದಲು ಕತ್ತಿ ಹಾಕಿ.

ಕಬ್ಬಿನ ರಸದಲ್ಲಿ 20 ಬ್ರಿಕ್ಸ್ ಎಂದರೆ 20 ಭಾಗ ಸಕ್ಕರೆ ಎಂದೂ ಅಲ್ಲ. ಲವಣ, ಆಮ್ಲ, ಗ್ಲೂಕೋಸ್, ಫ್ರಕ್ಟೋಸ್ ಎಲ್ಲವೂ ಆ ಲೆಕ್ಕಕ್ಕೇ ಸೇರುತ್ತವೆ. ರಸದ ಶುದ್ಧತೆ, ಅಂದರೆ ಕರಗಿದ್ದರಲ್ಲಿ ಸಕ್ಕರೆಯ ಪಾಲು, ಶೇ 85 ಇದ್ದರೆ ಅದರಲ್ಲಿ ಸಕ್ಕರೆ 17 ಭಾಗ ಮಾತ್ರ. ಕಡಿದು ಬಿಸಿಲಿಗೆ ಬಿಟ್ಟ ಕಬ್ಬಂತೂ ಪಕ್ಕಾ ಮೋಸ ಮಾಡುತ್ತದೆ. ನೀರು ಆರಿ ಬ್ರಿಕ್ಸ್ ಏರುತ್ತದೆ, ಒಳಗೆ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತಿರುತ್ತದೆ. ಸಾಧನಕ್ಕೆ ಈ ವ್ಯತ್ಯಾಸ ತಿಳಿಯದು. ಬೆಲ್ಲ ಗಟ್ಟಿಯಾಗದೆ ಜಿನುಗಿದಾಗಲಷ್ಟೇ ಆಲೆಮನೆಯವರಿಗೆ ತಿಳಿಯುತ್ತದೆ. ಹುಳಿಯಲು ಹತ್ತಿದ ರಸವನ್ನೂ ಅಳೆಯಬೇಡಿ, ಅದರಲ್ಲಿ ಹುಟ್ಟಿದ ಆಲ್ಕೋಹಾಲ್ ಕೂಡ ಬೆಳಕನ್ನು ಬಾಗಿಸುತ್ತದೆ.

ಪ್ರತಿ ಸಲ ಅಳೆದ ಮೇಲೂ ಒದ್ದೆ ಮೆತ್ತನೆ ಬಟ್ಟೆಯಿಂದ ಪ್ರಿಸಂ ಒರೆಸಿ, ಒಣಗಿಸಿ. ಒಣಗಿ ಅಂಟಿದ ರಸ ಮುಂದಿನ ಹನಿಯಲ್ಲಿ ಕರಗಿ ಅಂಕಿ ಏರಿಸುತ್ತದೆ. ಹೆಗಲ ಟವೆಲ್ಲಿನ ಮಣ್ಣು ಗಾಜನ್ನು ಗೀರುತ್ತದೆ. ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಒಳಕ್ಕೆ ನೀರು ಹೋಗಿ ಅಂಕಿಗಳೇ ಮಬ್ಬಾಗುತ್ತವೆ.