ಕದನ ವಿರಾಮದ ಒಪ್ಪಂದ ಓದೋದು ಹೇಗೆ

ಟೀವಿಲಿ ಕದನ ವಿರಾಮ ಅಂತ ಬಂದ ತಕ್ಷಣ ಯುದ್ಧ ಮುಗೀತು ಅಂದ್ಕೋಬೇಡಿ, ಅದು ಎರಡು ಸೇನೆಗಳು ಗುಂಡು ಹಾರಿಸೋದು ನಿಲ್ಲಿಸ್ತೀವಿ ಅಂತ ಬರ್ಕೊಂಡಿರೋ ಕಾಗದ ಅಷ್ಟೇ. ಓದೋದು ಕಲಿಯೋಕೆ 1953ರ ಕೊರಿಯಾ ಒಪ್ಪಂದ ಇಟ್ಕೊಳ್ಳಿ, ಅದರಲ್ಲಿ ಎಲ್ಲಾ ಇದೆ. ಆ ಯುದ್ಧದಲ್ಲಿ ಒಂದು ಕಡೆ ಉತ್ತರ ಕೊರಿಯಾ, ಚೀನಾ, ಇನ್ನೊಂದು ಕಡೆ ದಕ್ಷಿಣ ಕೊರಿಯಾ, ಅಮೆರಿಕ ಮುಂದಾಳತ್ವದ ವಿಶ್ವಸಂಸ್ಥೆ ಪಡೆ.

ಮೊದ್ಲು ಟೈಮ್ ನೋಡಿ. ಜುಲೈ 27ರ ಬೆಳಿಗ್ಗೆ 10ಕ್ಕೆ ಪನ್‌ಮುಂಜಾಮ್‌ನಲ್ಲಿ ಸಹಿ ಆಯ್ತು, ಜಾರಿಗೆ ಬಂದಿದ್ದು ರಾತ್ರಿ 10ಕ್ಕೆ. ಮಧ್ಯದ ಹನ್ನೆರಡು ಗಂಟೆ ಫಿರಂಗಿ ಹಾರ್ತಾನೇ ಇತ್ತು. 1918ರಲ್ಲಿ ಮೊದಲನೇ ಮಹಾಯುದ್ಧ ನಿಲ್ಲಿಸುವಾಗಲೂ ಬೆಳಗಿನ ಜಾವ 5ಕ್ಕೆ ಸಹಿ ಹಾಕಿ 11ಕ್ಕೆ ನಿಲ್ಲಿಸಿದ್ರು, ಆ ಆರು ಗಂಟೇಲಿ ಸತ್ತವರ ಮನೆಯವರನ್ನ ನೆನೆಸ್ಕೊಂಡ್ರೆ ಹೊಟ್ಟೆ ಉರಿಯತ್ತೆ.

ಆಮೇಲೆ ಗಡಿ ಗೆರೆ ಎಲ್ಲಿದೆ, ಯಾರು ಎಷ್ಟು ಹಿಂದೆ ಸರೀಬೇಕು. ಇಲ್ಲಿ 72 ಗಂಟೆಯೊಳಗೆ ಎರಡೂ ಕಡೆಯವರು 2 ಕಿಲೋಮೀಟರ್ ಹಿಂದೆ, ಅಂದ್ರೆ ನಡುವೆ 4 ಕಿಲೋಮೀಟರ್ ಪಟ್ಟಿ.

ಯುದ್ಧಕೈದಿಗಳ ಭಾಗ ಮಾತ್ರ ನಿಧಾನವಾಗಿ ಓದಿ. ಮಾತುಕತೆ ಶುರುವಾಗಿದ್ದು 1951ರ ಜುಲೈನಲ್ಲಿ, ಬೇರೆ ವಿಷಯ ಬಹುತೇಕ ಬಗೆಹರಿದ ಮೇಲೂ ಒಂದು ವರ್ಷಕ್ಕಿಂತ ಜಾಸ್ತಿ ಎಳೆದಿದ್ದು ಒಂದೇ ಪ್ರಶ್ನೆಗೆ, ವಾಪಸ್ ಹೋಗಲ್ಲ ಅನ್ನೋ ಕೈದಿನ ಬಲವಂತವಾಗಿ ಕಳಿಸಬೇಕಾ ಬೇಡ್ವಾ ಅಂತ, ಅಷ್ಟು ದಿನವೂ ಗುಡ್ಡಗಳಿಗಾಗಿ ಹುಡುಗ್ರು ಸಾಯ್ತಾನೇ ಇದ್ರು. ಕೊನೆಗೆ ಅಂಥವರನ್ನ ಐದು ತಟಸ್ಥ ದೇಶಗಳ ಆಯೋಗಕ್ಕೆ ಒಪ್ಪಿಸೋದು ಅಂತ ಆಯ್ತು, ಅದರ ಅಧ್ಯಕ್ಷರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. 22,000ಕ್ಕೂ ಹೆಚ್ಚು ಕೈದಿಗಳು, ಕಾವಲಿಗೆ ಭಾರತದ ಸೈನಿಕರು, ನಿಮ್ಮ ದೇಶಕ್ಕೆ ವಾಪಸ್ ಬನ್ನಿ ಅಂತ ಅವರವರ ಕಡೆಯವರು ಬಂದು ತಿಳಿಹೇಳೋಕೆ 90 ದಿನ. ಎರಡೂ ಕಡೆ ಬೇಡ ಅಂದ 88 ಜನ 1954ರಲ್ಲಿ ನಮ್ಮ ಸೈನಿಕರ ಜೊತೆ ಭಾರತಕ್ಕೇ ಬಂದ್ರು. ನನಗಂತೂ ಇಡೀ ಒಪ್ಪಂದದಲ್ಲಿ ಇದೇ ದೊಡ್ಡ ಕೆಲಸ ಅನ್ಸತ್ತೆ.

ಸಹಿ ಯಾರ್ದು ಇಲ್ಲ ಅಂತಾನೂ ನೋಡಿ. ಇಲ್ಲಿ ದಕ್ಷಿಣ ಕೊರಿಯಾದ್ದೇ ಇಲ್ಲ, ಅಧ್ಯಕ್ಷ ಸಿಂಗ್ಮನ್ ರೀಗೆ ದೇಶ ಒಂದಾಗದೆ ಯುದ್ಧ ನಿಲ್ಲಿಸೋದು ಇಷ್ಟ ಇರ್ಲಿಲ್ಲ.

ಕೊನೇಲಿ, ಮುಂದೇನು ಅಂತ ಬರೆದಿರೋ ಕಲಂ ಹುಡುಕಿ. ಇಲ್ಲಿ ಅದು 60ನೇದು, 3 ತಿಂಗಳಲ್ಲಿ ರಾಜಕೀಯ ಸಮ್ಮೇಳನ ಕರೀರಿ ಅಂತ ಶಿಫಾರಸು. 1954ರಲ್ಲಿ ಜಿನೀವಾದಲ್ಲಿ ಸೇರಿದ್ರು, ಕೊರಿಯಾ ವಿಷಯದಲ್ಲಿ ಏನೂ ತೀರ್ಮಾನ ಆಗ್ದೆ ಎದ್ದು ಹೋದ್ರು, ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ.