ಅಲ್ಯೂಮಿನಿಯಂ ಶೀಟ್ ಬಗ್ಗಿಸುವಾಗ ಬಿರುಕು ಬಿಡ್ತಿದೆಯಾ? ಸೋಪು ಹಚ್ಚಿ ನೋಡಿ

6061-ಟಿ6 (ಕಾಯಿಸಿ ಗಟ್ಟಿ ಮಾಡಿದ ಒಂದು ಬಗೆಯ ಅಲ್ಯೂಮಿನಿಯಂ ಮಿಶ್ರಲೋಹ) ಶೀಟನ್ನು ಬಗ್ಗಿಸುವ ಮೊದಲು, ಮಡಚುವ ಗೆರೆ ಮೇಲೆ ಒಣ ಮೈಸೋಪನ್ನು ಉಜ್ಜಿ, ಹಿಂಬದಿಯಿಂದ ಗ್ಯಾಸ್ ಟಾರ್ಚ್ ಆಡಿಸುತ್ತಾ ಕಾಯಿಸಿ, ಸೋಪಿನ ಗೆರೆ ಕಂದು ದಾಟಿ ಕಪ್ಪಾದ ತಕ್ಷಣ ಉರಿ ತೆಗೆಯಿರಿ. ತಾನಾಗಿ ತಣ್ಣಗಾಗಲಿ, ಆಮೇಲೆ ಬಗ್ಗಿಸಿ. ಕಬ್ಬಿಣದ ಹಾಗೆ ಅಲ್ಯೂಮಿನಿಯಂ ಕೆಂಪಾಗಿ ಸೂಚನೆ ಕೊಡುವುದಿಲ್ಲ, 6061 ಸುಮಾರು 580 ಡಿಗ್ರಿಗೆ ಕರಗಲು ಶುರುವಾಗುತ್ತೆ, ಅಷ್ಟರವರೆಗೂ ನೋಡೋಕೆ ಹಾಗೇ ಇರುತ್ತೆ. ಸೋಪು ಅದಕ್ಕಿಂತ ಎಷ್ಟೋ ಮೊದಲೇ ಕಪ್ಪಾಗುತ್ತೆ, ಆ ಬಿಸಿಗೆ ಲೋಹ ಮೆತ್ತಗಾಗಿರುತ್ತೆ. ಉರಿ ಮಾತ್ರ ಸೋಪಿಗೆ ನೇರವಾಗಿ ತಾಗಬಾರದು, ತಾಗಿದರೆ ಲೋಹ ಕಾಯುವ ಮೊದಲೇ ಸೋಪು ಸುಟ್ಟು ಮೋಸವಾಗುತ್ತೆ. ಇದು ಅಂದಾಜಿನ ಕೆಲಸ ಅಷ್ಟೇ, ಪೂರ್ತಿ ಅನೀಲಿಂಗ್ (ಕಾಯಿಸಿ ಮೆತ್ತಗೆ ಮಾಡುವುದು) ಬೇಕಾದರೆ ಫರ್ನೇಸಿನಲ್ಲಿ ಸುಮಾರು 415 ಡಿಗ್ರಿಯಲ್ಲಿ 2-3 ಗಂಟೆ ಇಟ್ಟು ನಿಧಾನಕ್ಕೆ ಆರಿಸಬೇಕು. ಎರಕದ ಭಾಗಗಳಿಗೆ ಈ ಉಪಾಯ ಬೇಡ, 7075 ಅನ್ನೋ ಇನ್ನೊಂದು ಅಲ್ಯೂಮಿನಿಯಂ ಮಿಶ್ರಲೋಹಕ್ಕಂತೂ ಬೇಡವೇ ಬೇಡ. ಮುಖ್ಯವಾದ ಮಾತು, ಕಾಯಿಸಿದ ಜಾಗದ ಬಲ ಹೋಗಿರುತ್ತೆ: ಟಿ6ನಲ್ಲಿ 310 ಎಂಪಿಎ (ಮೆಗಾಪಾಸ್ಕಲ್) ಇರುವ ಎಳೆತದ ಬಲ ಪೂರ್ತಿ ಮೆತ್ತಗಾದಾಗ 125ರ ಆಸುಪಾಸಿಗೆ ಇಳಿಯುತ್ತೆ. ಸುಮ್ನೆ ಬಿಟ್ಟರೆ ಅದು ವಾಪಸ್ ಬರಲ್ಲ. 530 ಡಿಗ್ರಿಗೆ ಕಾಯಿಸಿ, ನೀರಿಗೆ ಅದ್ದಿ, ಮತ್ತೆ 175ರಲ್ಲಿ ಸುಮಾರು 8 ಗಂಟೆ ಇಟ್ಟರೆ ಮಾತ್ರ ಬರುತ್ತೆ. ಹಾಗಾಗಿ ಪೆಟ್ಟಿಗೆ, ಕವರ್, ಸಣ್ಣ ಕ್ಲಾಂಪ್‌ಗೆ ಓಕೆ, ಆದರೆ ಗಾಡಿಯ ಫುಟ್‌ರೆಸ್ಟ್, ಏಣಿ, ಜನ ಭಾರ ಹಾಕುವ ಯಾವ ಭಾಗಕ್ಕೂ ದಯವಿಟ್ಟು ಮಾಡಬೇಡಿ.