ಅಡುಗೆಮನೆಗೂ ಊಟದ ಕೋಣೆಗೂ ನಡುವೆ ಬಡಿಸುವ ಕಿಂಡಿ

ಪಂಕ್ತಿಯಲ್ಲಿ ಕೂರಿಸಿ ನಡೆದಾಡಿ ಬಡಿಸುವ ಮನೆಗಳಲ್ಲಿ ಅಡುಗೆಮನೆಯ ಗೋಡೆಗೆ ಕಿಂಡಿ ಬೇಕಿರಲಿಲ್ಲ. ಊಟದ ಟೇಬಲ್ ಬಂದ ಮೇಲೆ ಅನ್ನದ ಪಾತ್ರೆ, ಸಾರು, ಮಜ್ಜಿಗೆ ಎಂದು ಬಾಗಿಲು ಸುತ್ತಿ ಓಡಾಡುವ ಪಾಡು ಶುರುವಾಯಿತು. ಅದಕ್ಕೆ ಮದ್ದೆಂದು ಈಗ ಗೋಡೆಯನ್ನೇ ಕಿತ್ತು ‘ಓಪನ್ ಕಿಚನ್’ ಮಾಡಿಸುವವರಿದ್ದಾರೆ. ಕಾರವಾರ, ಅಂಕೋಲಾ, ಕುಮಟಾ ಕಡೆ ದಿನ ಬಿಟ್ಟು ದಿನ ಬಂಗುಡೆ ಹುರಿಯುವ ಮನೆಗೆ ಇದು ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಬಡಿಸುವಾಗ ತೆರೆದು, ಕಾವಲಿ ಒಲೆಗೇರಿದಾಗ ಮುಚ್ಚಲು ಬರುವ ಕಿಂಡಿಯೇ ಇಲ್ಲಿಗೆ ಸರಿ.

ಗೋಡೆಯನ್ನು ಮೊದಲು ನೋಡಿ

ಕರಾವಳಿಯ ಹಳೆಯ ಮನೆಗಳಲ್ಲಿ ಮಾಡಿನ ಭಾರವನ್ನು ಹೊರುವುದು ಚಿರೇಕಲ್ಲಿನ ಗೋಡೆಯೇ. ಕಿಂಡಿ ಬರುವ ಜಾಗದ ನೇರ ಮೇಲೆ ತೊಲೆ ಕುಳಿತಿದ್ದರೆ ಜಾಗ ಬದಲಿಸಿ. ಮೂಲೆಯಿಂದಲೂ ಬಾಗಿಲ ಚೌಕಟ್ಟಿನಿಂದಲೂ ಎರಡು ಅಡಿಯಾದರೂ ಬಿಡಿ. ಕಂಬ, ಬೀಮುಗಳ ಮೇಲೆ ನಿಂತ ಹೊಸ ಮನೆಗಳಲ್ಲಿ ನಡುವಿನ ಗೋಡೆ ಒಡೆಯುವುದು ಸುಲಭ, ಆದರೆ ಕಂಬಕ್ಕೂ ಬೀಮಿಗೂ ಕೈ ಹಚ್ಚುವಂತಿಲ್ಲ. ಅನುಮಾನವಿದ್ದರೆ ಎಂಜಿನಿಯರ್ ಒಬ್ಬರಿಗೆ ತೋರಿಸಿಯೇ ಮುಂದುವರಿಯಿರಿ. ಗೋಡೆಯೊಳಗೆ ವೈರಿನ ಪೈಪು, ನೀರಿನ ಪೈಪು ಹೋಗಿದೆಯೇ ಎಂದೂ ಪತ್ತೆ ಮಾಡಿಕೊಳ್ಳಿ.

ಇನ್ನು ಗಾಳಿ. ಹಗಲಿನಲ್ಲಿ ಕಡಲ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಅಡುಗೆಮನೆ ಆ ದಿಕ್ಕಿಗಿದ್ದು ಕಿಟಕಿ ತೆರೆದಿದ್ದರೆ ಒಗ್ಗರಣೆಯ ಘಾಟು ನೇರವಾಗಿ ಊಟದ ಕೋಣೆಗೆ ಬರುತ್ತದೆ. ಎಕ್ಸಾಸ್ಟ್ ಫ್ಯಾನನ್ನು ಪಶ್ಚಿಮದ ಗೋಡೆಗೆ ಹಾಕಿದರೆ ಅದು ಗಾಳಿಯ ಎದುರು ತಿರುಗಿ ಸೋಲುತ್ತದೆ. ಉತ್ತರಕ್ಕೋ ದಕ್ಷಿಣಕ್ಕೋ ಹಾಕಿಸಿ. ಒಲೆಯ ಪಕ್ಕದಲ್ಲೇ ಕಿಂಡಿ ಬೇಡವೇ ಬೇಡ. ಗಾಳಿಗೆ ಉರಿ ಅಲುಗುತ್ತದೆ, ಆಚೆಯಿಂದ ಮಕ್ಕಳು ಕೈ ಚಾಚುತ್ತಾರೆ.

ಅಳತೆ ಪಾತ್ರೆಯದು

ಮೇಸ್ತ್ರಿಯ ಟೇಪಿಗಿಂತ ಮೊದಲು ನಿಮ್ಮ ಪಾತ್ರೆಗಳನ್ನು ಹೊರಗೆ ತೆಗೆಯಿರಿ. ದೊಡ್ಡ ಕುಕ್ಕರನ್ನು ಹಿಡಿ ಸಮೇತ ಅಳೆಯಿರಿ. ಸಾರಿನ ಪಾತ್ರೆಯನ್ನು ಸೌಟು ಹಾಕಿಯೇ ಅಳೆಯಿರಿ. ಪಾತ್ರೆ ಸಲೀಸಾಗಿ ದಾಟಿದರೂ ಸೌಟಿನ ಹಿಡಿ ಮೇಲಂಚಿಗೆ ಬಡಿದರೆ ಸಾರು ಚೆಲ್ಲುವುದು ಕಿಂಡಿಯ ಕಟ್ಟೆಯ ಮೇಲೆಯೇ. 3 ಅಡಿ ಅಗಲ, 20ರಿಂದ 24 ಇಂಚು ಎತ್ತರ ಹೆಚ್ಚಿನ ಮನೆಗಳಿಗೆ ಸಾಕು.

ಅಡುಗೆ ಕಟ್ಟೆ 32–34 ಇಂಚು ಎತ್ತರವಿದ್ದರೆ ಕಿಂಡಿಯ ತಳವನ್ನು ಅದಕ್ಕಿಂತ ಎರಡು ಇಂಚು ಮೇಲಿಡಿ. ಕಟ್ಟೆ ಒರೆಸಿದ ನೀರು ಆಚೆ ಹರಿಯದು. ಗುರುತು ಹಾಕಿದ ಮೇಲೆ ಊಟದ ಕುರ್ಚಿಯಲ್ಲಿ ಒಮ್ಮೆ ಕುಳಿತು ನೋಡಿ. ಅಲ್ಲಿಂದ ಎಂಜಲು ಪಾತ್ರೆಗಳ ಸಿಂಕ್ ಕಾಣುವಂತಿದ್ದರೆ ಗುರುತನ್ನು ಒಂದಡಿ ಆಚೀಚೆ ಸರಿಸುವುದು ಒಳ್ಳೆಯದು.

ಒಡೆಯುವ ಕ್ರಮ

ಮಳೆಗಾಲ ಮುಗಿದ ಮೇಲೆ ಕೈ ಹಾಕಿ. ಹಳೆಯ ಗೋಡೆಗಳಲ್ಲಿ ಕಲ್ಲುಗಳ ನಡುವೆ ಮಣ್ಣಿನ ಗಾರೆ ಇರುವುದುಂಟು. ಸುತ್ತಿಗೆಯಲ್ಲಿ ಬಡಿದರೆ ಬೇಡದ ಕಲ್ಲುಗಳೂ ಸಡಿಲವಾಗುತ್ತವೆ. ಕಟರ್ ಯಂತ್ರದಿಂದ ಕೊಯ್ಯಿಸಿ.

ಕಿಂಡಿಯನ್ನು ಮೊದಲೇ ಒಡೆದು ಆಮೇಲೆ ಲಿಂಟಲ್ (ಕಿಂಡಿಯ ಮೇಲಿನ ಗೋಡೆಯ ಭಾರ ಹೊರುವ ಕಾಂಕ್ರೀಟಿನ ಅಡ್ಡಪಟ್ಟಿ) ಇಡುತ್ತೇನೆ ಎನ್ನುವ ಮೇಸ್ತ್ರಿಯನ್ನು ತಡೆಯಿರಿ. ಲಿಂಟಲ್ ಮೊದಲು, ಕಿಂಡಿ ಆಮೇಲೆ. ಅದು ಎರಡೂ ಬದಿಗೆ ತಲಾ 6 ಇಂಚು ಗೋಡೆಯ ಮೇಲೆ ಕೂರಬೇಕು, ಅಂದರೆ 3 ಅಡಿಯ ಕಿಂಡಿಗೆ 4 ಅಡಿಯ ಲಿಂಟಲ್. ದಪ್ಪ ಗೋಡೆಗೆ ಅಗಲದ ಒಂದೇ ತುಂಡಿನ ಬದಲು ಕಿರಿದಾದ ಎರಡನ್ನು ನೆಲದ ಮೇಲೆಯೇ ಎರಕ ಹೊಯ್ದು, ಎರಡು ವಾರ ನೀರುಣಿಸಿ ಇಟ್ಟುಕೊಳ್ಳಿ. ಮೇಲಿನ ಭಾರಕ್ಕೆ ಜಾಕಿ ಕೊಟ್ಟು, ಗೋಡೆಯ ಒಂದು ಮಗ್ಗುಲಿನಿಂದ ಅರ್ಧ ದಪ್ಪದಷ್ಟೇ ಆಳಕ್ಕೆ ಅಡ್ಡ ಕಾಲುವೆಯಂತೆ ಕೊರೆದು ಮೊದಲನೆಯದನ್ನು ಕೂರಿಸಿ, ಸಂದಿಗೆ ಸಿಮೆಂಟ್ ಗಾರೆಯನ್ನು ಗಿಡಿದು ತುಂಬಿ. ಅದು ಗಟ್ಟಿಯಾದ ಮೇಲೆ ಇನ್ನೊಂದು ಮಗ್ಗುಲು. ವಾರ ಕಳೆದ ಮೇಲೆ ಕೆಳಗಿನ ಕಲ್ಲುಗಳನ್ನು ತೆಗೆಯಬಹುದು.

ಇನ್ನೊಂದು ಎಚ್ಚರ: ಲಿಂಟಲ್‌ನಲ್ಲಿ ಮುಖ್ಯ ಕಬ್ಬಿಣದ ಸರಳುಗಳಿರುವುದು ಕೆಳಭಾಗದಲ್ಲಿ. ತಲೆಕೆಳಗಾಗಿ ಇಟ್ಟರೆ ಹೊರಗಿನಿಂದ ಗೊತ್ತಾಗುವುದಿಲ್ಲ, ಬಿರುಕು ಬಿಟ್ಟ ಮೇಲೆಯೇ ತಿಳಿಯುವುದು. ಎರಕ ಹೊಯ್ದ ದಿನವೇ ಮೇಲ್ಮುಖಕ್ಕೆ ಬಣ್ಣದ ಗುರುತು ಹಾಕಿಬಿಡಿ.

ಕಟ್ಟೆ ಮತ್ತು ಬಾಗಿಲು

ತಳಕ್ಕೆ ಗ್ರಾನೈಟ್ ಹಾಸಿ, ಊಟದ ಕಡೆಗೆ ನಾಲ್ಕೈದು ಇಂಚು ಚಾಚಿರಲಿ, ಅಂಚು ದುಂಡಗಿರಲಿ. ಬಿಳಿ ಅಮೃತಶಿಲೆಯ ಆಸೆ ಬಿಡಿ. ಅರಿಶಿನ ಕಲೆ ಕೂರುತ್ತದೆ, ಹುಣಸೆ ಮತ್ತು ಮುರುಗಲಿನ ಹುಳಿ ಅದರ ಹೊಳಪನ್ನೇ ತಿನ್ನುತ್ತದೆ.

ಕದಗಳಲ್ಲಿ ಕೀಲಿನವು ಈ ಕಡೆ ತೆರೆದರೆ ಪಾತ್ರೆಗೆ, ಆ ಕಡೆ ತೆರೆದರೆ ಕೂತವರ ತಲೆಗೆ. ಸರಿಯುವ ಕದವೇ ವಾಸಿ. ಆದರೆ ಕೆಳಗೆ ಹಳಿ ಬೇಡ: ಅನ್ನದ ಅಗುಳು ಅದರೊಳಗೆ ಸೇರಿ ಒಣಗುತ್ತದೆ, ಇರುವೆ ಸಾಲುಗಟ್ಟುತ್ತದೆ. ಮೇಲಿನ ಹಳಿಗೆ ತೂಗುಬಿಟ್ಟ ಕದವನ್ನು ಊಟದ ಕೋಣೆಯ ಗೋಡೆಗುಂಟ ಸರಿಯುವಂತೆ ಮಾಡಿಸಿ. ಉಪ್ಪುಗಾಳಿಗೆ ಕಬ್ಬಿಣ ಬಾಳದು. ಹಳಿ, ಗಾಲಿ, ಸ್ಕ್ರೂ ಎಲ್ಲವೂ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ. ಸಾಗವಾನಿಯಾದರೂ ಹಲಸಾದರೂ ಚೆನ್ನಾಗಿ ಒಣಗಿದ ಮರವನ್ನೇ ಆರಿಸಿ, ಅಂಚುಗಳಿಗೂ ವಾರ್ನಿಷ್ ಬಳಿಸಿ. ಆಷಾಢದಲ್ಲಿ ಕದ ಉಬ್ಬಿ ಬಿಗಿಯಾದರೆ ಆಚಾರಿಯನ್ನು ಕರೆದು ಆಗಲೇ ಉಜ್ಜುಗೊರಡು ಹಾಕಿಸಬೇಡಿ. ಮಳೆಯಲ್ಲಿ ಕೆತ್ತಿದ ಮರ ಬೇಸಿಗೆಯಲ್ಲಿ ಕುಗ್ಗಿ ಸಂದಿ ಬಿಡುತ್ತದೆ, ಮೀನಿನ ವಾಸನೆ ಆ ಸಂದಿಯಲ್ಲೇ ನುಸುಳುತ್ತದೆ. ದೀಪಾವಳಿ ಕಳೆಯಲಿ, ಆಗಲೂ ಬಿಗಿಯಿದ್ದರೆ ಕೆತ್ತಿಸಿದರಾಯಿತು.